ಬಾಟಲಿಯಲ್ಲಿ ಬೆಳೆದದ್ದು ತಟ್ಟೆಯಲ್ಲಿ ಬೆಳೆಯಲಿಲ್ಲ

ನಮ್ಮ ಚಿಕ್ಕಪ್ಪನಿಗೆ ಬಂದದ್ದು ದೊಡ್ಡ ಜ್ವರವೇನೂ ಅಲ್ಲ. ಸಂಜೆಯಾಗುವಾಗ ಮೈ ಸ್ವಲ್ಪ ಬೆಚ್ಚಗಾಗುತ್ತಿತ್ತು. ರಾತ್ರಿ ಬೆವರಿ ಬನಿಯನ್ ಒದ್ದೆ. ಬೆಳಿಗ್ಗೆ ಎದ್ದರೆ ಏನೂ ಇಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಅವರದ್ದೊಂದು ಅಡಿಕೆ ತೋಟ. ಆಗ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಅಂಥ ಹೊತ್ತಲ್ಲಿ ಇಷ್ಟು ಸಣ್ಣ ಜ್ವರಕ್ಕೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ಪೇಟೆಯಿಂದ ಐದು ಕ್ಯಾಪ್ಸೂಲ್ ತರಿಸಿ ನುಂಗಿದರು. ಜ್ವರ ಹೋಯಿತು. ಹತ್ತು ದಿನ ಬಿಟ್ಟು ವಾಪಸ್ ಬಂತು. ಮತ್ತೆ ಐದು ಕ್ಯಾಪ್ಸೂಲ್. ಹೀಗೆ ಮೂರು ಸಲ.

ಮಳೆ ಹಿಡಿದ ಮೇಲೆ ನಮ್ಮಲ್ಲಿ ಜ್ವರ ಅಂದರೆ ಮೊದಲು ಡೆಂಗಿ, ಇಲಿಜ್ವರ, ಮಲೇರಿಯಾ ಪರೀಕ್ಷೆ. ಮೂರೂ ಇಲ್ಲ ಅಂತ ಬಂತು. ಅಷ್ಟರಲ್ಲಿ ಚಿಕ್ಕಪ್ಪ ಆರು ಕಿಲೋ ಇಳಿದಿದ್ದರು. ಕೊನೆಗೆ ಎಲ್ಲರಂತೆ ಗಡಿ ದಾಟಿ ಮಂಗಳೂರಿಗೆ ಹೋದದ್ದಾಯಿತು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಬ್ಲಡ್ ಕಲ್ಚರ್ ಮಾಡಿಸಿದರು, ಅಂದರೆ ರಕ್ತವನ್ನು ಬಾಟಲಿಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ. ಐದು ದಿನ ಕಳೆದು ರಿಪೋರ್ಟ್ ಬಂತು: ನೋ ಗ್ರೋತ್. ಏನೂ ಬೆಳೆದಿಲ್ಲ. 'ಸೋಂಕು ಇಲ್ಲವಂತೆ' ಎಂದು ಚಿಕ್ಕಮ್ಮ ಫೋನಿನಲ್ಲಿ ಖುಷಿಯಿಂದ ಹೇಳಿದ್ದು ನನಗಿನ್ನೂ ನೆನಪಿದೆ.

ಸೋಂಕು ಇತ್ತು. ಹೃದಯದ ವಾಲ್ವಿನ ಮೇಲೇ ಕೂತಿತ್ತು.

ವಾಲ್ವ್ ಸೋಂಕಿಗೆ ಡಾಕ್ಟರುಗಳು ಎಂಡೋಕಾರ್ಡೈಟಿಸ್ ಎನ್ನುತ್ತಾರೆ. ಹೃದಯದ ಕೋಣೆಗಳ ಮಧ್ಯೆ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ತೆಳ್ಳಗಿನ ಬಾಗಿಲುಗಳೇ ವಾಲ್ವ್‌ಗಳು. ಚೆನ್ನಾಗಿರುವ ವಾಲ್ವ್ ನಯವಾಗಿರುತ್ತದೆ, ಅದರ ಮೇಲೆ ಬ್ಯಾಕ್ಟೀರಿಯಾ ಸುಲಭವಾಗಿ ನಿಲ್ಲುವುದಿಲ್ಲ. ಆದರೆ ಹಿಂದೆಂದೋ ಪೆಟ್ಟು ತಿಂದು ಒರಟಾದ ವಾಲ್ವ್ ಬೇರೆ. ಅಲ್ಲಿ ರಕ್ತ ಸುಳಿ ತಿರುಗುತ್ತದೆ, ಸಣ್ಣ ಹೆಪ್ಪು ಕಟ್ಟುತ್ತದೆ. ರಕ್ತದಲ್ಲಿ ತೇಲಿ ಬಂದ ಬ್ಯಾಕ್ಟೀರಿಯಾ ಆ ಹೆಪ್ಪಿಗೆ ಅಂಟಿಕೊಂಡು ಗೂಡು ಮಾಡುತ್ತದೆ. ಈ ಗೂಡಿಗೆ ವೆಜಿಟೇಶನ್ ಎಂದು ಹೆಸರು. ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆಯಲ್ಲಿ ಅದು ವಾಲ್ವಿನ ತುದಿಯಲ್ಲಿ ಬಾವುಟದ ಹಾಗೆ ಅಲ್ಲಾಡುವುದು ಕಾಣುತ್ತದೆ. ಅದರ ಒಂದು ಚೂರು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಪೆನಿಸಿಲಿನ್ ಬರುವ ಮೊದಲು ಈ ಕಾಯಿಲೆ ಬಂದವರು ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಿದ್ದರು. ಇವತ್ತಿಗೂ ಆಸ್ಪತ್ರೆಗೆ ಸೇರಿದ ಐದು ಜನರಲ್ಲಿ ಸುಮಾರು ಒಬ್ಬರು ಉಳಿಯುವುದಿಲ್ಲ.

ಚಿಕ್ಕಪ್ಪನ ವಾಲ್ವ್ ಕೆಟ್ಟದ್ದು ಯಾವಾಗ? ಅದು ಅವರ ಶಾಲೆಯ ದಿನಗಳ ಕಥೆ. ಹತ್ತು ವರ್ಷದವರಿದ್ದಾಗ ಗಂಟಲು ನೋವು ಬಂದು, ಅದು ವಾಸಿಯಾಗಿ ಕೆಲವು ವಾರಕ್ಕೆ ಮೊಣಕಾಲು ಊದಿಕೊಂಡಿತ್ತು. ಒಂದು ಗಂಟಿನ ಊತ ಇಳಿದರೆ ಇನ್ನೊಂದು ಗಂಟು. ರುಮ್ಯಾಟಿಕ್ ಜ್ವರ. ಗಂಟಲಿಗೆ ಬಂದ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ಸೈನ್ಯ ದಾರಿ ತಪ್ಪಿ ತನ್ನದೇ ಹೃದಯದ ಮೇಲೆ ಬೀಳುವ ಕಾಯಿಲೆ. ಅದು ಮತ್ತೆ ಬಾರದಂತೆ ಮೂರು ವಾರಕ್ಕೊಮ್ಮೆ ಸೊಂಟಕ್ಕೆ ಬೆಂಜಥೀನ್ ಪೆನಿಸಿಲಿನ್ ಚುಚ್ಚಿಸಿಕೊಳ್ಳಬೇಕು. ಅದರ ನೋವು ತಿಂದವರಿಗೇ ಗೊತ್ತು. ಹದಿನಾರು ದಾಟಿದ ಮೇಲೆ ಚಿಕ್ಕಪ್ಪ ಬಿಟ್ಟುಬಿಟ್ಟರು. ಮೈಟ್ರಲ್ ವಾಲ್ವ್ ಸ್ವಲ್ಪ ಸೋರುತ್ತದೆ ಎಂದು ಯಾರೋ ಹೇಳಿದ್ದರಂತೆ. ಮನೆಯಲ್ಲಿ ಎಲ್ಲರೂ ಅದನ್ನು ಮರೆತಿದ್ದರು.

ಗಮನಿಸಿ, ಇಲ್ಲಿ ಸ್ಟ್ರೆಪ್ಟೊಕಾಕಸ್ ವಂಶದವರು ಎಂದು ಕರೆಸಿಕೊಂಡ ಇಬ್ಬರು ಬೇರೆ ಬೇರೆ ಆಸಾಮಿಗಳಿದ್ದಾರೆ. ಗಂಟಲಿನವನು ವಾಲ್ವನ್ನು ಕೆಡಿಸಿ ಹೋದ. ಮೂವತ್ತು ವರ್ಷ ಕಳೆದು ಬಾಯಿಯಿಂದ ಬಂದ ಇನ್ನೊಬ್ಬ ಆ ಕೆಟ್ಟ ವಾಲ್ವಿನಲ್ಲಿ ಬಿಡಾರ ಹೂಡಿದ. (ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳಲ್ಲೂ ಒಬ್ಬ ಸ್ಟ್ರೆಪ್ಟೊಕಾಕಸ್ ಇದ್ದಾನೆ. ಆದ್ದರಿಂದ ಮನೆತನವನ್ನೇ ಬೈಯುವುದು ಬೇಡ.)

ಎರಡನೇ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದರು: 'ಸಣ್ಣವರಿದ್ದಾಗ ಗಂಟು ಊದಿತ್ತಾ?' ಎಕೋದಲ್ಲಿ ಗೂಡು ಕಂಡಿತು. ನಮಗೆಲ್ಲ ಗಾಬರಿ, ಈಗಲೇ ಮದ್ದು ಶುರು ಮಾಡಿ ಎಂದೆವು. ಅವರು ಮಾಡಲಿಲ್ಲ. ಇದ್ದ ಆಂಟಿಬಯಾಟಿಕ್‌ಗಳನ್ನೂ ನಿಲ್ಲಿಸಿದರು. ಪರಿಸ್ಥಿತಿ ತೀರಾ ಹದಗೆಟ್ಟಿಲ್ಲ, ಎರಡು ದಿನ ಕಾಯಬಹುದು, ರಕ್ತದಲ್ಲಿರುವ ಹಳೇ ಮದ್ದು ಇಳಿಯಲಿ ಎಂದರು. ಆಮೇಲೆ ಮೂರು ಸಲ, ಬೇರೆ ಬೇರೆ ನರದಿಂದ, ಒಂದೊಂದು ಬಾಟಲಿಗೆ ಎಂಟು-ಹತ್ತು ಎಂಎಲ್‌ನಂತೆ ರಕ್ತ ತೆಗೆದರು. 'ಇರುವ ರಕ್ತವೆಲ್ಲ ಇವರಿಗೇ ಆಯಿತು' ಎಂದು ಚಿಕ್ಕಮ್ಮ ಗೊಣಗಿದ್ದು ಬೇರೆ. ಆದರೆ ಆ ಲೆಕ್ಕಕ್ಕೆ ಕಾರಣ ಇದೆ. ವಾಲ್ವ್ ಸೋಂಕಿನಲ್ಲಿ ಒಂದು ಎಂಎಲ್ ರಕ್ತದಲ್ಲಿ ಸಿಗುವ ಬ್ಯಾಕ್ಟೀರಿಯಾ ಬೆರಳೆಣಿಕೆಯಷ್ಟೇ. ರಕ್ತ ಕಡಿಮೆ ತೆಗೆದರೆ ಕಳ್ಳ ಸಿಗುವ ಅವಕಾಶವೂ ಕಡಿಮೆ.

ಮೂರನೇ ದಿನ ಲ್ಯಾಬಿನ ಯಂತ್ರ ಕೂಗಿತು. ಬಾಟಲಿಯೊಳಗೆ ಏನೋ ಬೆಳೆಯುತ್ತಿದೆ. ಒಂದು ಹನಿ ತೆಗೆದು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸರದಂತೆ ಜೋಡಿಸಿಕೊಂಡ ದುಂಡು ಕಾಳುಗಳು. ಕೆಲವು ಉಬ್ಬಿ, ಉದ್ದವಾಗಿ, ಆಕಾರ ಕೆಟ್ಟಿದ್ದವು. ಇನ್ನೊಂದು ಹನಿಯನ್ನು ಕುರಿಯ ರಕ್ತ ಬೆರೆಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯ ಮೇಲೆ ಎಳೆದು ಬೆಚ್ಚಗೆ ಇಟ್ಟರು. ಮರುದಿನ ತಟ್ಟೆ ಖಾಲಿ. ಅದರ ಮರುದಿನವೂ ಖಾಲಿ.

ಈ ಜಾಗದಲ್ಲೇ ಕಥೆ ಎರಡು ದಾರಿ ಹಿಡಿಯಬಹುದು. ಕೆಲಸದ ಒತ್ತಡ ಇರುವ ಲ್ಯಾಬಿನಲ್ಲಿ 'ಬ್ಯಾಕ್ಟೀರಿಯಾ ಸತ್ತಿರಬೇಕು, ಇಲ್ಲವೇ ಚರ್ಮದಿಂದ ಬಂದ ಕಲಬೆರಕೆ' ಎಂದು ತಟ್ಟೆಯನ್ನು ಕಸಕ್ಕೆ ಹಾಕಬಹುದು. ಅದನ್ನು ತಪ್ಪು ಎಂದು ಪೂರ್ತಿ ಹೇಳಲೂ ಆಗದು. ನ್ಯುಮೋನಿಯಾ ತರುವ ಅದರ ಇನ್ನೊಬ್ಬ ನೆಂಟ ನಿಜವಾಗಿಯೂ ಬಾಟಲಿಯಲ್ಲೇ ಕರಗಿ ಸಾಯುವುದುಂಟು. ಆದರೆ ಈ ಲ್ಯಾಬಿನ ಡಾಕ್ಟರಿಗೆ ಬೇರೊಂದು ಅನುಮಾನ ಬಂತು. ಆಮೇಲೆ ನನಗೆ ಬಿಡಿಸಿ ಹೇಳಿದ್ದೂ ಅವರೇ. ಅವರು ಇನ್ನೊಂದು ರಕ್ತದ ತಟ್ಟೆ ತೆಗೆದುಕೊಂಡು ಬಾಟಲಿಯ ಹನಿಯನ್ನು ಪೂರ್ತಿ ಹರಡಿದರು. ಅದರ ನಡುವೆ ಸ್ಟೆಫೈಲೊಕಾಕಸ್ ಎಂಬ ಬೇರೆ ಬ್ಯಾಕ್ಟೀರಿಯಾವನ್ನು ಒಂದು ಗೆರೆಯಾಗಿ ಎಳೆದರು. ಮರುದಿನ ಆ ಗೆರೆಯ ಎರಡು ಬದಿಯಲ್ಲಿ ಮಾತ್ರ ಸಾಸಿವೆಗಿಂತಲೂ ಸಣ್ಣ ಚುಕ್ಕೆಗಳು ಎದ್ದಿದ್ದವು. ಉಳಿದ ತಟ್ಟೆ ಹಾಗೇ ಖಾಲಿ.

ಹೆಪ್ಪು ಇಲ್ಲದಿದ್ದರೆ ಪಕ್ಕದ ಮನೆಯಿಂದ ತಂದು ಹಾಲಿಗೆ ಹಾಕುತ್ತೇವಲ್ಲ, ಹೆಚ್ಚುಕಡಿಮೆ ಹಾಗೇ. ಈ ಬ್ಯಾಕ್ಟೀರಿಯಾಕ್ಕೆ ಬದುಕಲು ಪಿರಿಡಾಕ್ಸಾಲ್ ಬೇಕು, ಅಂದರೆ ವಿಟಮಿನ್ ಬಿ6ರ ಒಂದು ರೂಪ. ಅದನ್ನು ತಾನೇ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮನುಷ್ಯನ ರಕ್ತದಲ್ಲಿ ಅದು ಇರುತ್ತದೆ. ಆದ್ದರಿಂದ ಚಿಕ್ಕಪ್ಪನ ರಕ್ತವಿದ್ದ ಬಾಟಲಿಯಲ್ಲಿ ಹಾಯಾಗಿ ಬೆಳೆಯಿತು. ಕುರಿರಕ್ತದ ತಟ್ಟೆಯಲ್ಲಿ ಸಾಕಷ್ಟು ಸಿಗಲಿಲ್ಲ, ಉಪವಾಸ ಬಿತ್ತು. ಪಕ್ಕದಲ್ಲಿ ಸ್ಟೆಫೈಲೊಕಾಕಸ್ ಇದ್ದರೆ ಅದು ಸುರಿಸಿದ್ದನ್ನು ತಿಂದು ಬದುಕಿಕೊಂಡಿತು. ಚಾಕೊಲೇಟ್ ಅಗರ್ ಎಂಬ ತಟ್ಟೆಯಲ್ಲೂ ಹೆಚ್ಚಾಗಿ ಬೆಳೆಯುತ್ತದೆ. ಅದರಲ್ಲಿ ಚಾಕೊಲೇಟ್ ಏನಿಲ್ಲ, ರಕ್ತವನ್ನು ಬಿಸಿ ಮಾಡಿದಾಗ ಬರುವ ಬಣ್ಣಕ್ಕೆ ಆ ಹೆಸರು. ಆಕಾರ ಕೆಟ್ಟ ಕಾಳುಗಳು ಕಂಡವಲ್ಲ, ಅದೂ ಹಸಿವಿನ ಗುರುತೇ.

ಇಂಥ ಹಠಮಾರಿ ಸ್ಟ್ರೆಪ್ಟೊಕಾಕಸ್‌ಗಳನ್ನು ಮೊದಲು ವಿವರಿಸಿದ್ದು 1961ರಲ್ಲಿ, ಫ್ರೆಂಕೆಲ್ ಮತ್ತು ಹಿರ್ಷ್ ಎಂಬ ಇಬ್ಬರು. ಹೆಸರಿನ ವಿಷಯದಲ್ಲಿ ಇವು ಪಟ್ಟ ಪಾಡು ದೊಡ್ಡದು. 1989ರಲ್ಲಿ ಸ್ಟ್ರೆಪ್ಟೊಕಾಕಸ್ ಒಳಗೇ ಎರಡು ಜಾತಿ ಮಾಡಿದರು. 1995ರಲ್ಲಿ ಜೀನ್ ನೋಡಿ, ಇವು ಆ ಮನೆಯವೇ ಅಲ್ಲ ಎಂದು ಹೊರಹಾಕಿ ಅಬಯೊಟ್ರೋಫಿಯಾ ಎಂದು ಹೆಸರಿಟ್ಟರು. ಗ್ರೀಕ್‌ನಲ್ಲಿ ಬದುಕಿಗೆ ಬೇಕಾದ ಆಹಾರ ಇಲ್ಲದ್ದು ಎಂಬ ಅರ್ಥ. 2000ದಲ್ಲಿ ಅದನ್ನೂ ಒಡೆದು ಕೆಲವನ್ನು ಗ್ರಾನ್ಯುಲಿಕಾಟೆಲ್ಲಾ ಮಾಡಿದರು. ಕಾಳುಗಳ ಪುಟ್ಟ ಸರ ಎಂದರ್ಥ, ಚೆಂದದ ಹೆಸರು. ಅದರಲ್ಲಿ ಒಂದು ಜಾತಿ ಸಿಕ್ಕಿದ್ದು ಮಿಂಕೆ ಎಂಬ ತಿಮಿಂಗಿಲದಲ್ಲಿ. ಇನ್ನೊಂದರ ಹೆಸರು ಅಡಿಯಾಸೆನ್ಸ್, ಅಂದರೆ ಪಕ್ಕದಲ್ಲಿರುವುದು. ಬೇರೆಯವರ ಪಕ್ಕದಲ್ಲೇ ಬೆಳೆಯುವುದಕ್ಕೆ ಸಿಕ್ಕಿದ ಬಿರುದು. ಚಿಕ್ಕಪ್ಪನ ವಾಲ್ವಿನಲ್ಲಿದ್ದದ್ದು ಇದೇ.

ಇವು ಹೊರಗಿನಿಂದ ಬರುವ ರೋಗಾಣುಗಳಲ್ಲ. ನಿಮ್ಮ ಬಾಯಲ್ಲೂ ಇರುತ್ತವೆ, ನನ್ನ ಬಾಯಲ್ಲೂ ಇರುತ್ತವೆ, ಹಲ್ಲಿನ ಪಾಚಿಯಲ್ಲಿ ತಣ್ಣಗೆ ಕೂತಿರುತ್ತವೆ. ಸ್ಟ್ರೆಪ್ಟೊಕಾಕಸ್ ಜಾತಿಯಿಂದ ಬರುವ ವಾಲ್ವ್ ಸೋಂಕುಗಳಲ್ಲಿ ನೂರಕ್ಕೆ ಸುಮಾರು ಐದು ಇವುಗಳಿಂದ ಎಂಬುದು ಪುಸ್ತಕಗಳ ಲೆಕ್ಕ. ಐದು ಅಂದರೆ ಸಣ್ಣ ಸಂಖ್ಯೆ ಅನಿಸಬಹುದು. ಆದರೆ ಆ ಲೆಕ್ಕಕ್ಕೆ ಬಂದದ್ದು ಸಿಕ್ಕಿಬಿದ್ದವು ಮಾತ್ರ. ನೋ ಗ್ರೋತ್ ಎಂಬ ರಿಪೋರ್ಟ್‌ನ ಹಿಂದೆ ಅಡಗಿದವು ಅದರಲ್ಲಿ ಇಲ್ಲ.

ಹಲ್ಲು ಕೀಳಿಸಿದ್ದರಿಂದಲೇ ಬಂತು ಎಂದು ಚಿಕ್ಕಮ್ಮ ಇವತ್ತಿಗೂ ಹಲ್ಲಿನ ಡಾಕ್ಟರನ್ನು ಬೈಯುತ್ತಾರೆ. ಚಿಕ್ಕಪ್ಪ ಹಲ್ಲು ಕೀಳಿಸಿ ಒಂದು ವರ್ಷದ ಮೇಲಾಗಿತ್ತು. ಅಸಲು ವಿಷಯ ಬೇರೆ ಎಂದು ನನ್ನ ಲೆಕ್ಕ. ವಸಡು ಕೆಟ್ಟಿದ್ದರೆ ಪ್ರತಿದಿನ ಹಲ್ಲುಜ್ಜುವಾಗ, ಊಟ ಜಗಿಯುವಾಗಲೇ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತಿರುತ್ತದೆ. ವರ್ಷಕ್ಕೊಮ್ಮೆ ಹಲ್ಲು ಕೀಳಿಸುವುದಕ್ಕಿಂತ ಈ ದಿನದಿನದ ಸೋರಿಕೆಯೇ ಜಾಸ್ತಿ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2007ರಲ್ಲಿ ತನ್ನ ಸಲಹೆ ಬದಲಾಯಿಸಿದ್ದು ಈ ಕಾರಣಕ್ಕೇ. ಅದಕ್ಕೆ ಮೊದಲು ವಾಲ್ವ್ ದೋಷ ಇದ್ದ ಬಹುಪಾಲು ಜನರಿಗೆ ಹಲ್ಲಿನ ಚಿಕಿತ್ಸೆಗೆ ಮುಂಚೆ ಆಂಟಿಬಯಾಟಿಕ್ ಕೊಡುತ್ತಿದ್ದರು. ಈಗ ಅಪಾಯ ತುಂಬಾ ಜಾಸ್ತಿ ಇರುವವರಿಗೆ ಮಾತ್ರ: ಕೃತಕ ವಾಲ್ವ್ ಹಾಕಿಸಿಕೊಂಡವರು, ಮೊದಲೊಮ್ಮೆ ಈ ಸೋಂಕು ಬಂದವರು, ಕೆಲವು ಹುಟ್ಟುದೋಷ ಇರುವವರು. ಅವರಿಗೆ ಚಿಕಿತ್ಸೆಗೆ ಅರ್ಧ-ಒಂದು ಗಂಟೆ ಮೊದಲು ಎರಡು ಗ್ರಾಂ ಅಮಾಕ್ಸಿಸಿಲಿನ್. ಉಳಿದವರಿಗೆ ಬಾಯಿ ಸ್ವಚ್ಛ ಇಟ್ಟುಕೊಳ್ಳಿ ಎಂಬುದೇ ಸಲಹೆ. ಬಾಯಿ ಸ್ವಚ್ಛ ಅಂದಾಗ ನಮ್ಮ ಕಡೆಯ ಎಲೆಅಡಿಕೆ ನೆನಪಾಗದೆ ಇರುವುದಿಲ್ಲ. ಹೊಗೆಸೊಪ್ಪು ಸೇರಿಸಿ ದಿನಕ್ಕೆ ಹತ್ತು ಸಲ ಹಾಕಿಕೊಂಡರೆ ವಸಡಿನ ಗತಿ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಅಡಿಕೆ ಬೆಳೆಯುವವರ ಮನೆಯಲ್ಲಿ ಕೂತು ಈ ಮಾತು ಆಡುವುದು ಕಷ್ಟ, ಅದೂ ನಿಜ.

ಚಿಕಿತ್ಸೆಯಲ್ಲೂ ಹಠ ಬಿಡುವುದಿಲ್ಲ. ಸಾಮಾನ್ಯ ಸ್ಟ್ರೆಪ್ಟೊಕಾಕಸ್ ಮುಕ್ಕಾಲು ಗಂಟೆಯೊಳಗೆ ಎರಡಾಗುವುದಾದರೆ ಇದಕ್ಕೆ ಎರಡು-ಮೂರು ಗಂಟೆ ಬೇಕು. ನಿಧಾನ ಬೆಳೆಯುವುದು ಒಳ್ಳೆಯದಲ್ವಾ ಅನಿಸಬಹುದು. ಅಲ್ಲ. ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಹೊಸ ಗೋಡೆ ಕಟ್ಟುವ ಹೊತ್ತಿನಲ್ಲಿ. ಕಟ್ಟುವ ಕೆಲಸವೇ ನಿಧಾನವಾದರೆ ಮದ್ದಿಗೆ ಸಿಕ್ಕುವುದೂ ನಿಧಾನ. 1980ರ ದಶಕದ ಒಂದು ಪರಿಶೀಲನೆಯಲ್ಲಿ ನೂರಕ್ಕೆ ಸುಮಾರು 40 ರೋಗಿಗಳಲ್ಲಿ ಮದ್ದು ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಂದಿರಲಿಲ್ಲ. ಲ್ಯಾಬಿನಲ್ಲಿ ನೋಡಿದರೆ ಅದೇ ಮದ್ದಿಗೆ ಸಾಯುವ ಬ್ಯಾಕ್ಟೀರಿಯಾಗಳೂ ಅದರಲ್ಲಿದ್ದವು. ಯಾವ ಮದ್ದು ನಾಟುತ್ತದೆ ಎಂದು ಪರೀಕ್ಷಿಸಲಿಕ್ಕೂ ಬಿ6 ಬೆರೆಸಿದ ಬೇರೆಯೇ ದ್ರಾವಣ ಬೇಕು, ಸಣ್ಣ ಲ್ಯಾಬುಗಳಿಂದ ಆಗುವ ಕೆಲಸವಲ್ಲ. ಆದ್ದರಿಂದ ಡಾಕ್ಟರುಗಳು ಇದನ್ನು ಬಿಗಿಯಾಗಿಯೇ ಹಿಡಿಯುತ್ತಾರೆ. ಪೆನಿಸಿಲಿನ್, ಆಂಪಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್, ಅದರ ಜೊತೆಗೆ ಮೊದಲ ಕೆಲವು ವಾರ ಜೆಂಟಾಮೈಸಿನ್. ಒಟ್ಟು ಆರು ವಾರದ ಇಂಜೆಕ್ಷನ್. ಜೆಂಟಾಮೈಸಿನ್ ಕಿಡ್ನಿಗೂ ಕಿವಿಗೂ ಪೆಟ್ಟು ಕೊಡಬಹುದು, ಆದ್ದರಿಂದ ಪದೇ ಪದೇ ರಕ್ತಪರೀಕ್ಷೆ. ಇಷ್ಟಾದರೂ ಬಹಳ ಜನರಿಗೆ ವಾಲ್ವ್ ಬದಲಾಯಿಸುವ ಆಪರೇಷನ್ ತಪ್ಪುವುದಿಲ್ಲ. ಚಿಕ್ಕಪ್ಪನಿಗೂ ತಪ್ಪಲಿಲ್ಲ.

ಈಗ ಆ ಮೊದಲ ಐದು ಕ್ಯಾಪ್ಸೂಲ್ ವಿಷಯಕ್ಕೆ ಬರುತ್ತೇನೆ. ವಾಲ್ವ್ ಸೋಂಕಿನಲ್ಲಿ ಕಲ್ಚರ್ ಖಾಲಿ ಬರಲು ಅತಿ ದೊಡ್ಡ ಕಾರಣ ಬ್ಯಾಕ್ಟೀರಿಯಾದ ಹಠವಲ್ಲ, ರಕ್ತ ತೆಗೆಯುವ ಮೊದಲೇ ನುಂಗಿದ ಆಂಟಿಬಯಾಟಿಕ್. ಆ ಕ್ಯಾಪ್ಸೂಲ್ ಗೂಡಿನೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಅದಕ್ಕೆ ಅಷ್ಟು ಬಲ ಇಲ್ಲ. ರಕ್ತದಲ್ಲಿ ತೇಲುವ ನಾಲ್ಕನ್ನು ಮಾತ್ರ ಒರೆಸಿ ಹಾಕುತ್ತದೆ. ಜ್ವರ ಇಳಿಯುತ್ತದೆ, ಕಲ್ಚರ್ ಖಾಲಿ ಬರುತ್ತದೆ, ಗೂಡು ಬೆಳೆಯುತ್ತಲೇ ಇರುತ್ತದೆ. ಮೊದಲೇ ಊಟಕ್ಕೆ ತಕರಾರು ಮಾಡುವ ಬ್ಯಾಕ್ಟೀರಿಯಾ, ಅದರ ಮೇಲೆ ಅರ್ಧಂಬರ್ಧ ಮದ್ದು. ಇನ್ನು ಲ್ಯಾಬಿನವರ ಕೈಗೆ ಸಿಗುವುದು ಹೇಗೆ?

ಕೇರಳ ಸರ್ಕಾರ ಈ ವಿಷಯದಲ್ಲಿ ಸುಮ್ನೆ ಕೂತಿಲ್ಲ ಎನ್ನಬೇಕು. 2018ರಲ್ಲೇ ಆಂಟಿಬಯಾಟಿಕ್ ಬಳಕೆಗೆ ಒಂದು ರಾಜ್ಯ ಯೋಜನೆ ಮಾಡಿತು. 2024ರಲ್ಲಿ ಆಪರೇಷನ್ ಅಮೃತ್ ಎಂದು ಹೆಸರಿಟ್ಟು ಮೆಡಿಕಲ್ ಶಾಪ್‌ಗಳ ತಪಾಸಣೆ ಶುರು ಮಾಡಿತು. ಡಾಕ್ಟರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಟ್ಟರೆ ಕ್ರಮ. ಆದರೆ ಪ್ರಚಾರದಲ್ಲಿ ಕೇಳಿಬರುವುದು ಹೆಚ್ಚಾಗಿ ಒಂದೇ ಕಾರಣ: ಮದ್ದು ನಾಟದ ಬ್ಯಾಕ್ಟೀರಿಯಾ ಹುಟ್ಟುತ್ತದೆ, ಮುಂದೆ ಊರಿಗೆಲ್ಲ ಕಷ್ಟ. ನಿಜ. ಆದರೆ ತೋಟದ ಕೆಲಸ ಬಿಟ್ಟು ಬರಲಾಗದವನಿಗೆ ಮುಂದಿನ ಊರಿನ ಕಷ್ಟ ದೂರದ್ದು. 'ಈ ಕ್ಯಾಪ್ಸೂಲ್ ನಿನ್ನ ರೋಗವನ್ನೇ ಡಾಕ್ಟರಿಂದ ಅಡಗಿಸುತ್ತದೆ' ಎಂದರೆ ಕಿವಿ ನೆಟ್ಟಗಾಗುತ್ತದೆ. ಅದನ್ನೂ ಪೆರ್ಲ, ಮುಳ್ಳೇರಿಯ, ಉಪ್ಪಳದ ಗೋಡೆಗಳಲ್ಲಿ ಕನ್ನಡದಲ್ಲಿ ಬರೆಯಬೇಕು. ಮಲಯಾಳದ ಪೋಸ್ಟರ್ ನಮ್ಮ ಚಿಕ್ಕಪ್ಪನಂಥವರಿಗೆ ಬಣ್ಣದ ಚಿತ್ರ ಅಷ್ಟೇ.

ಕಲ್ಚರ್ ಖಾಲಿ ಬರಲು ಇನ್ನೊಂದು ಕಾರಣ ನಮ್ಮ ಭೂಗೋಳ. ಇಲ್ಲಿಯ ರೋಗಿ ಒಂದೇ ಕಡೆ ನಿಲ್ಲುವುದಿಲ್ಲ. ಮೊದಲು ಊರಿನ ಕ್ಲಿನಿಕ್, ಆಮೇಲೆ ಕಾಸರಗೋಡು, ಕೊನೆಗೆ ತಲಪಾಡಿ ದಾಟಿ ಮಂಗಳೂರು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರೂ ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ಜನರ ಕಾಲು ಮಂಗಳೂರಿನ ಕಡೆಗೇ ತಿರುಗುತ್ತದೆ. 2020ರ ಮಾರ್ಚ್‌ನಲ್ಲಿ, ಕೊರೊನಾ ಲಾಕ್‌ಡೌನಿನ ಹೊತ್ತಿಗೆ, ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಈ ಅವಲಂಬನೆ ಎಷ್ಟು ದೊಡ್ಡದು ಎಂದು ದೇಶಕ್ಕೆಲ್ಲ ಗೊತ್ತಾಯಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದರೆ ರಸ್ತೆ ತೆರೆದಿರುವ ದಿನಗಳಲ್ಲೂ ಒಂದು ತೊಂದರೆ ಇದೆ. ಪ್ರತಿ ನಿಲ್ದಾಣದಲ್ಲಿ ಒಂದೊಂದು ಮದ್ದು ಶುರುವಾಗುತ್ತದೆ, ಹಿಂದಿನವರು ಏನು ಕೊಟ್ಟರು ಎಂಬ ಚೀಟಿ ಮನೆಯಲ್ಲೇ ಉಳಿಯುತ್ತದೆ, ಕಲ್ಚರ್‌ಗೆ ರಕ್ತ ತೆಗೆಯುವುದು ಮಾತ್ರ ಕೊನೆಯ ನಿಲ್ದಾಣದಲ್ಲಿ. ಅಷ್ಟೊತ್ತಿಗೆ ರಕ್ತದಲ್ಲಿ ಮೂರು ತರದ ಆಂಟಿಬಯಾಟಿಕ್ ಇರುತ್ತದೆ.

ದೊಡ್ಡ ಯಂತ್ರಗಳು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಮಾಲ್ಡಿ-ಟಾಫ್ ಎಂಬ ಯಂತ್ರ ತಟ್ಟೆಯ ಚುಕ್ಕೆಯನ್ನು ನೋಡಿ ಕೆಲವೇ ನಿಮಿಷದಲ್ಲಿ ಹೆಸರು ಹೇಳುತ್ತದೆ. ಆದರೆ ಮೊದಲು ಬ್ಯಾಕ್ಟೀರಿಯಾ ಬೆಳೆದಿರಬೇಕಲ್ಲ? ಆಪರೇಷನ್‌ನಲ್ಲಿ ತೆಗೆದ ವಾಲ್ವಿನ ತುಂಡಿನಿಂದ ಜೀನ್ ಹುಡುಕುವ ಪರೀಕ್ಷೆಯೂ ಇದೆ, ಅದಕ್ಕೆ ವಾಲ್ವನ್ನೇ ತೆಗೆಯುವಷ್ಟು ತಡವಾಗಿರಬೇಕು. ಅದಕ್ಕಿಂತ ಕಡಿಮೆ ಖರ್ಚಿನ ಕೆಲಸ, ಊರಿನ ಆಸ್ಪತ್ರೆಯಲ್ಲೇ ಕಲ್ಚರ್ ಬಾಟಲಿ ಇಡುವುದು. ವಾಲ್ವ್ ದೋಷ ಇದ್ದವನಿಗೆ ಕಾರಣ ಗೊತ್ತಿಲ್ಲದ ಜ್ವರ ಬಂದರೆ ಮೊದಲ ಮಾತ್ರೆಗೆ ಮುಂಚೆ ಅಲ್ಲೇ ರಕ್ತ ತೆಗೆಯಬಹುದು. ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬಾರದು, ಕೆಲವು ಗಂಟೆಯೊಳಗೆ ಯಂತ್ರಕ್ಕೆ ಹಾಕಬೇಕು, ಅಷ್ಟೇ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ದಿನಪೂರ್ತಿ ಬಸ್ಸು ಓಡುವ ದಾರಿ. ರೋಗಿಯನ್ನು ಅಲುಗಾಡಿಸುವುದಕ್ಕಿಂತ ಬಾಟಲಿಯನ್ನು ಕಳಿಸುವುದು ಸುಲಭ. ಮೈಗೆ ತುಂಬಾ ಹುಷಾರಿಲ್ಲದವರ ಮಾತು ಬೇರೆ. ಅವರಿಗೆ ರಕ್ತ ತೆಗೆದ ತಕ್ಷಣ ಮದ್ದು ಶುರು ಮಾಡಬೇಕು, ರಿಪೋರ್ಟಿಗೆ ಕಾಯುವ ಹಾಗಿಲ್ಲ.

2023ರಲ್ಲಿ ವಾಲ್ವ್ ಸೋಂಕು ಗುರುತಿಸುವ ಡ್ಯೂಕ್ ಮಾನದಂಡವನ್ನು ತಿದ್ದಿದಾಗ ಅಬಯೊಟ್ರೋಫಿಯಾ, ಗ್ರಾನ್ಯುಲಿಕಾಟೆಲ್ಲಾ ಎರಡನ್ನೂ ಈ ಕಾಯಿಲೆಯ ಪಕ್ಕಾ ಬ್ಯಾಕ್ಟೀರಿಯಾಗಳ ಪಟ್ಟಿಗೆ ಸೇರಿಸಿದರು. ಅಂದರೆ ಇನ್ನು ಮುಂದೆ ರಕ್ತದಲ್ಲಿ ಇವು ಮತ್ತೆ ಮತ್ತೆ ಸಿಕ್ಕರೆ, ಬಾಯಿಂದ ಬಂದಿರಬೇಕು ಬಿಡಿ ಎನ್ನುವ ಹಾಗಿಲ್ಲ. ವಾಲ್ವ್ ನೋಡಲೇಬೇಕು. ಅರುವತ್ತು ವರ್ಷ ಹೆಸರು ಬದಲಾಯಿಸಿಕೊಂಡು ಅಲೆದ ಬ್ಯಾಕ್ಟೀರಿಯಾಕ್ಕೆ ಅಂತೂ ಒಂದು ವಿಳಾಸ ಸಿಕ್ಕಿತು.

ಚಿಕ್ಕಪ್ಪ ಈಗ ಕೃತಕ ವಾಲ್ವಿನಲ್ಲಿ ಇದ್ದಾರೆ. ಮರ ಹತ್ತುವುದಿಲ್ಲ, ಎಲೆಅಡಿಕೆ ಬಿಟ್ಟಿದ್ದಾರೆ (ಎಂದು ಹೇಳುತ್ತಾರೆ). ಅವರ ಮಗಳು ಆಸ್ಪತ್ರೆಯ ಫೈಲಿನ ಮೇಲೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ: ವಾಲ್ವ್ ಹಾಕಿದೆ, ಜ್ವರ ಬಂದರೆ ಮದ್ದಿಗೆ ಮೊದಲು ರಕ್ತ ತೆಗೆಯಿರಿ. ಕಳೆದ ಮಳೆಗಾಲದಲ್ಲಿ ಜ್ವರ ಬಂತು. ಊರಿನ ಕ್ಲಿನಿಕ್ಕಿನ ಡಾಕ್ಟರು ಅದನ್ನು ಓದಿ ಕ್ಯಾಪ್ಸೂಲ್ ಕೊಡದೆ ನೇರ ಮಂಗಳೂರಿಗೆ ಕಳಿಸಿದರು. ಅಲ್ಲಿ ಮೊದಲು ಮೂರು ಸಲ ರಕ್ತ ತೆಗೆದರು, ಆಮೇಲೆ ಉಳಿದದ್ದು. ಐದು ದಿನಕ್ಕೆ ರಿಪೋರ್ಟ್ ಬಂತು. ಅದೇ ನೋ ಗ್ರೋತ್. ಈ ಸಲ ಅದನ್ನು ನಂಬಬಹುದಿತ್ತು.